ಮೇಡಂ ಪುಸ್ತಕದಲ್ಲಿ ನನ್ನ ಹೆಸರು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ನನಗಂತೂ ಅದು ವರ್ಷಕ್ಕೆರಡು ಸಲ ಕೆರಳುತ್ತಲೇ ಇತ್ತು. ಕಾರಣ ಒಬ್ಬರೇ. ರಾಜಾಜಿನಗರದ ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಫಿಸಿಕ್ಸ್ ಪಾಠ ಮಾಡುತ್ತಿದ್ದು, ಆಮೇಲೆ ಸ್ತ್ರೀವಾದಿ ವಿಜ್ಞಾನ ತತ್ತ್ವಜ್ಞಾನಿಯಾಗಿ ಹೆಸರು ಮಾಡಿದ ಮೇಡಂ.

ಪ್ರಶ್ನೆ ಕೇಳುವ ಕೆಲಸ

ಎರಡು ಸಾವಿರದ ಮೂರರಲ್ಲಿ ಮೇಡಂ ಜರ್ಮನಿಗೆ ಹೊರಟರು. ಪಕ್ಕದ ಮನೆ ಆಂಟಿ ನನ್ನ ಹೆಂಡತಿಯನ್ನು ಕೇಳಿದರು, "ಅಲ್ಲಿ ಅವ್ರಿಗೇನ್ರೀ ಕೆಲ್ಸ?"

"ವಿಜ್ಞಾನದಲ್ಲಿ ಹೆಂಗಸರನ್ನ ಯಾಕೆ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಪ್ರಶ್ನೆ ಕೇಳೋದು."

"ಪ್ರಶ್ನೆ ಕೇಳಿದ್ರೆ ವಿಮಾನದ ಟಿಕೆಟ್ ಕೊಡ್ತಾರಾ?"

ನನ್ನವಳು ನಿಟ್ಟುಸಿರು ಬಿಟ್ಟಳು. "ನಮ್ಮನೆಯವ್ರು ಇಪ್ಪತ್ತು ವರ್ಷದಿಂದ ಕ್ವೆಶ್ಚನ್ ಪೇಪರ್ ತೆಗೀತಿದಾರೆ, ಯಾರೂ ಮೈಸೂರಿಗೂ ಕರೀಲಿಲ್ಲ."

ವಂದನಾರ್ಪಣೆ

ಮೇಡಂ ವಾಪಸ್ ಬಂದಾಗ ಕಾಲೇಜಿನಲ್ಲಿ ಸನ್ಮಾನ. ಶಾಲು, ಹಾರ ಅವರಿಗೆ. ವಂದನಾರ್ಪಣೆ ಮಾಡುವ ಕೆಲಸ ನನಗೆ. ಉರಿದುಹೋಯಿತು. ಬೇಕಂತಲೇ ಅವರೊಬ್ಬರನ್ನು ಬಿಟ್ಟು ಎಲ್ಲರನ್ನೂ ವಂದಿಸಿದೆ. ರಂಗೋಲಿ ಹಾಕಿದವರು, ಲೋಟ ತೊಳೆದವರು, ಲ್ಯಾಬು ಗುಡಿಸುವ ಅಮ್ಮ, ಯಾರನ್ನೂ ಬಿಡಲಿಲ್ಲ.

ಮೇಡಂ ಎದ್ದು ಬಂದು ಮೈಕ್ ತಗೊಂಡರು. "ಕಣ್ಣಿಗೆ ಕಾಣದ ಹೆಂಗಸರ ದುಡಿಮೆ ಬಗ್ಗೆ ನಾನು ಗಂಟೆಗಟ್ಲೆ ಹೇಳಿದ್ದನ್ನ ಸಾರ್ ಎರಡೇ ನಿಮಿಷದಲ್ಲಿ ಹೇಳ್ಬಿಟ್ರು!"

ಚಪ್ಪಾಳೆಯೋ ಚಪ್ಪಾಳೆ. ಅದೂ ಅವರಿಗೇ.

ಹೆಸರು

ಆಮೇಲೆ ಮೇಡಂ ಪುಸ್ತಕ ಬರೆಯಲು ಹೊರಟರು. ಅದಕ್ಕಾಗಿ ಒಂದು ಟರ್ಮ್ ಪೂರ್ತಿ ನನ್ನ ಲ್ಯಾಬಿನಲ್ಲೇ ನೋಟ್‌ಬುಕ್ ಹಿಡಿದು ಕೂತಿದ್ದರು. ನನ್ನ ಹೆಸರೂ ಅಚ್ಚಾಗುತ್ತದೆ ಅಂತ ನಾನು ದಿನಾ ಇಸ್ತ್ರಿ ಶರ್ಟು ಹಾಕಿ, ಕಾಫಿ ತರಿಸಿಕೊಟ್ಟೆ.

ಪುಸ್ತಕ ಬಂತು. ಕೃತಜ್ಞತೆಯ ಪುಟ ತೆಗೆದೆ. ಅಟೆಂಡರ್ ಹೆಸರಿತ್ತು, ನನ್ನದಿಲ್ಲ! ಅವತ್ತು ಊಟ ಸೇರಲಿಲ್ಲ.

ಪುಸ್ತಕ ತಿರುವುತ್ತಿದ್ದ ಹೆಂಡತಿ ಕೂಗಿದಳು, "ರೀ, ಇಲ್ಲಿದೀರಲ್ಲ!"

ಓದಿದೆ. "ಒಬ್ಬ ಹಿರಿಯ ಅಧ್ಯಾಪಕರು ಪ್ರತಿ ಪ್ರಾಕ್ಟಿಕಲ್ಲಿನಲ್ಲೂ ಉಪಕರಣವನ್ನು ಹುಡುಗರ ಕೈಗೆ ಕೊಡುತ್ತಾರೆ. ಹುಡುಗಿಯರಿಗೆ 'ನಿಮ್ಮ ಅಕ್ಷರ ದುಂಡಗಿದೆ, ರೀಡಿಂಗ್ ಬರ್ಕೊಳ್ಳಿ' ಎನ್ನುತ್ತಾರೆ." ಹೀಗೇ ನಾಲ್ಕು ಪುಟ, ಬರೀ ನನ್ನ ತಪ್ಪುಗಳು. ಒಂದೂ ಸುಳ್ಳಲ್ಲ.

ತಕ್ಷಣ ಫೋನ್ ಮಾಡಿದೆ. "ಏನ್ ಮೇಡಂ, ಹಿಂಗ್ ಮಾಡ್ಬಿಟ್ರಿ?"

"ಬೇಜಾರಾಯ್ತಾ ಸಾರ್? ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತಾನೇ ಹೆಸರು ಹಾಕಿಲ್ಲ."

"ಮರ್ಯಾದೆ ಮನೆ ಹಾಳಾಗ್ಲಿ! ನಾಲ್ಕು ಪುಟ ತುಂಬ್ಸಿರೋನು ನಾನು, ಹೆಸರು ಅಟೆಂಡರ್‌ದಾ? ಮುಂದಿನ ಮುದ್ರಣದಲ್ಲಿ ನಂದೂ ಹಾಕಿ, ಇನಿಶಿಯಲ್ ಸಮೇತ!"