ಹೊಟ್ಟೆ ಸೀಳಿದ ದ

ಬೇಗ ಓದುವವರಿಗೆ ಒಂದು ಜಂಬವಿರುತ್ತದೆ. ನನಗೂ ಇತ್ತು, ತೊಂಬತ್ತರ ದಶಕದಲ್ಲಿ ನನ್ನ ಹೊಟ್ಟೆಪಾಡೂ ಅದೇ ಆಗಿತ್ತಲ್ಲ. ಹನುಮಂತನಗರದ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಾವುದೇ ಇರಲಿ, ಕಾಫಿ ಆರುವುದರೊಳಗೆ ಓದಿ ಮುಗಿಸುತ್ತಿದ್ದೆ. ಸಾರಕ್ಕಿಯಿಂದ ಬಸ್ಸಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳ ತಪ್ಪು ಹುಡುಕಿ ಪಕ್ಕದಲ್ಲಿ ಕೂತವರಿಗೆ ತೋರಿಸುವುದೂ ಇತ್ತು. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದರು. ಇಂಥ ನನ್ನ ಮಗಳು ಮೂರನೇ ಕ್ಲಾಸಿಗೆ ಬಂದರೂ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಹೊಟ್ಟೆ ಸೀಳದಿದ್ದರೆ ದ, ಸೀಳಿದರೆ ಧ ಎಂದು ಮೇಷ್ಟರು ಹೇಳಿಕೊಟ್ಟಿದ್ದರಂತೆ. ಸರಿ, ಆ ಅಕ್ಷರ ಬಂದಾಗಲೆಲ್ಲ ಬಗ್ಗಿ ಅದರ ಹೊಟ್ಟೆ ನೋಡಿ ಆಮೇಲೆ ಮುಂದಕ್ಕೆ. ದಿನಾ ಸಂಜೆ ನಾನು ಗದರುವುದು, ಅವಳು ಅಳುವುದು. ಕೊನೆಗೆ ಪುಸ್ತಕ ಕಂಡರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವ ಹಂತಕ್ಕೆ ಬಂತು.

ಹೆಂಡತಿ ನಮ್ಮಿಬ್ಬರನ್ನೂ ಜಯನಗರದ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು. "ಸಾರ್, ಓದೋದು ಬರೀ ಕಣ್ಣಲ್ಲ, ಮಿದುಳು," ಎಂದರು ಆಕೆ. "ನಿಮ್ಮ ಮಿದುಳು ಪದದ ಮುಖ ನೋಡಿ ಗುರುತು ಹಿಡಿದು ಓಡ್ಬಿಡುತ್ತೆ. ಮಗೂದು ಒಂದೊಂದಕ್ಷರಾನೂ ವಿಚಾರಿಸ್ಕೊಂಡು ಹೋಗುತ್ತೆ. ನಿಮ್ಮದಕ್ಕಿಂತ ಜಾಸ್ತಿ ದುಡೀತಿದೆ ಅದು. ಬುದ್ಧಿ ಕಮ್ಮಿ ಅಂತಲ್ಲ. ಗದರ್ಬೇಡಿ." ನನ್ನ ಮಿದುಳು ಓಡುತ್ತದೆ ಎಂಬಷ್ಟನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದೆ.

ಅದೇ ತಿಂಗಳು ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಪತ್ರಿಕೆ ನಮ್ಮ ಮುದ್ರಣಾಲಯದಲ್ಲೇ. ಕರಡು ನೋಡಿದವನು ನಾನೇ. ಹಂಚಿ ಮುಗಿದ ಮೇಲೆ ಉಳಿದ ಒಂದನ್ನು ಮಗಳ ಕೈಗೆ ಕೊಟ್ಟು, "ಓದು, ನಿಮ್ಮತ್ತೆ ಮದುವೇದು," ಎಂದೆ. ಮನೆ ತುಂಬ ನೆಂಟರಿದ್ದರು. ಬೆರಳು ತೆವಳಿತು. "ವಧೂ... ವರರನ್ನು... ಆ... ಶೀ... ರ್ವ..." ಅಲ್ಲಿ ನಿಂತಿತು. ಬಗ್ಗಿ ನೋಡಿದಳು. "ಧಿ... ಸಿ." ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡಳು. "ತಪ್ಪು ಓದಿದ್ನಾ ಅಪ್ಪ? ಇಲ್ಲಿ ಹೊಟ್ಟೆ ಸೀಳಿದೆ."

ಕಸಿದುಕೊಂಡು ನೋಡಿದೆ. ಸೀಳಿತ್ತು. ಬಂಧುಮಿತ್ರರೆಲ್ಲ ಸಕುಟುಂಬ ಸಮೇತರಾಗಿ ಬಂದು ವಧೂವರರನ್ನು ವಧಿಸಬೇಕೆಂದು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದೆವು. ಅವರೂ ನನ್ನಂತೆಯೇ ಓದುವವರು, ಒಬ್ಬರೂ ಗಮನಿಸಿರಲಿಲ್ಲ. "ಹೂಂ, ತಪ್ಪು ಓದಿದೆ" ಎಂದುಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆ ಕಣ್ಣುಗಳನ್ನು ನೋಡಿ ನಾಚಿಕೆಯಾಯಿತು. "ಇಲ್ಲ ಪುಟ್ಟಿ, ನೀನು ಸರಿಯಾಗೇ ಓದ್ದೆ. ತಪ್ಪು ನಂದು," ಎಂದೆ, ನೆಂಟರಿಗೆಲ್ಲ ಕೇಳಿಸುವಂತೆ.

ಅವಳು ಕಣ್ಣೊರೆಸಿಕೊಂಡು, "ಬೆರಳಿಟ್ಕೊಂಡು ಓದಪ್ಪ," ಎಂದಳು. ಇಟ್ಟೆ. ದೊಡ್ಡವನಾದ ಮೇಲೆ ಮೊದಲ ಬಾರಿ ಒಂದೊಂದೇ ಅಕ್ಷರ ಕೂಡಿಸುತ್ತ ಕೊನೆಯ ಸಾಲಿನವರೆಗೆ ಬಂದೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನರಸಿಂಹಮೂರ್ತಿ ಎಂಬ ನನ್ನ ಹೆಸರು 'ನರಹಿಂಸಮೂರ್ತಿ' ಎಂದಾಗಿತ್ತು. ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದೆ. ಮಗಳನ್ನೊಮ್ಮೆ ನೋಡಿ, ತಿದ್ದದೆ ಹಾಗೇ ಬಿಟ್ಟೆ.