ವಿಭೂತಿಯ ಬೆರಳಚ್ಚು

ಬುದ್ಧಿವಂತ ಮಕ್ಕಳೆಂದರೆ ನನಗೆ ಮೊದಲೆಲ್ಲ ಪ್ರಾಣ. ಈಗ ಕಂಡರೆ ಮೈ ಉರಿಯುತ್ತದೆ. ದಡ್ಡ ಮಕ್ಕಳು ಮೇಷ್ಟ್ರ ಮಾತನ್ನು ನಂಬುತ್ತಾರೆ, ನಂಬದಿದ್ದರೂ ತೆಪ್ಪಗಿರುತ್ತಾರೆ. ಬುದ್ಧಿವಂತರು ಸಾಕ್ಷಿ ಕೇಳುತ್ತಾರೆ. ಕೇಳಲಿ, ಅದನ್ನು ಕಲಿಸಿದವನು ನಾನೇ. ಆದರೆ ಕಲಿಸಿದವನ ಮೇಲೆಯೇ ಸಾಕ್ಷಿ ಒಟ್ಟುಮಾಡಿ, ಹೆಂಡತಿಯ ತವರಿನವರ ಎದುರಿಗೆ ಕಳ್ಳ ಎನ್ನುವುದು ಯಾವ ಸೀಮೆಯ ವಿಜ್ಞಾನ, ನೀವೇ ಹೇಳಿ.

ನಾನು ನಂಜನಗೂಡಿನವನು. ದಿನಾ ಬಸ್ಸಿನಲ್ಲಿ ಹೋಗಿ ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ದಸರಾ ರಜದಲ್ಲಿ ಎರಡೂ ತಾಲ್ಲೂಕಿನ ಚುರುಕು ಮಕ್ಕಳನ್ನು ಸೇರಿಸಿ ಅಪರಾಧ ಪತ್ತೆಯ ವಿಜ್ಞಾನ ಶಿಬಿರ ನಡೆಸಬೇಕೆಂದು ನಮ್ಮ ಹೆಡ್‌ಮೇಡಂಗೆ ಹೊಳೆಯಿತು. ಹೊಳೆದದ್ದು ಅವರಿಗೆ, ತಗಲಿಕೊಂಡದ್ದು ನನಗೆ. ಬೆರಳಚ್ಚು ತೆಗೆಯುವುದು, ಹೆಜ್ಜೆಗುರುತು ಅಳೆಯುವುದು ಎಲ್ಲ ಮುಗಿದು, ಕೊನೆಯ ದಿನಕ್ಕೆ ಒಂದು ಸುಳ್ಳು ಕಳ್ಳತನ ಹೂಡಿದೆವು. ಖೋಖೋದಲ್ಲಿ ಶಾಲೆಗೆ ಬಂದಿದ್ದ ಬೆಳ್ಳಿ ಕಪ್ ಲ್ಯಾಬಿನಿಂದ ಕಳುವಾಗಿದೆ, ಕದ್ದವರು ಮೇಷ್ಟ್ರುಗಳಲ್ಲೇ ಒಬ್ಬರು, ಕಂಡುಹಿಡಿಯಿರಿ. ಕಳ್ಳನಾಗಲು ಡ್ರಾಯಿಂಗ್ ಮೇಷ್ಟ್ರು ಖುಷಿಯಿಂದ ಒಪ್ಪಿದರು. ಬೆಳಿಗ್ಗೆಯೇ ಅವರ ಬಣ್ಣದ ಬೆರಳನ್ನು ಬೀರುವಿನ ಗಾಜಿಗೆ ಒತ್ತಿಸಿ, ಅವರ ಚಪ್ಪಲಿಯ ಗುರುತನ್ನು ಕಿಟಕಿಯ ಕೆಳಗಿನ ಕೆಸರಿನಲ್ಲಿ ಮೂಡಿಸಿ, ಕಪ್ಪನ್ನು ನಾನೇ ಬಚ್ಚಿಟ್ಟೆ. ನಿಜವಾದ ಬೆಳ್ಳಿ, ಜೋಪಾನ ಎಂದು ಮೇಡಂ ಎಚ್ಚರಿಸಿದ್ದರು.

ಇಷ್ಟೆಲ್ಲ ಯೋಚಿಸಿದವನಿಗೆ ನನ್ನ ಹಣೆಯ ಯೋಚನೆ ಬರಲಿಲ್ಲ. ಸ್ನಾನ, ಶಿವಪೂಜೆ ಮುಗಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದುಕೊಳ್ಳದೆ ನಮ್ಮ ಮನೆಯಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಅದರ ಜೊತೆಗೆ ನನಗೊಂದು ಅಭ್ಯಾಸ. ವಿದ್ಯೆಗೆ ಸಂಬಂಧಪಟ್ಟದ್ದು ಏನೇ ಇರಲಿ, ಮುಟ್ಟಿ ಹಣೆಗೊತ್ತಿಕೊಳ್ಳಬೇಕು. ಲ್ಯಾಬಿನ ಬಾಗಿಲು, ಬೀರು, ಮೈಕ್ರೋಸ್ಕೋಪು, ಕೊನೆಗೆ ಮೂಲೆಯಲ್ಲಿ ನೇತುಹಾಕಿರುವ ಅಸ್ಥಿಪಂಜರಕ್ಕೂ ನಮಸ್ಕಾರ ಮಾಡಿಯೇ ನಾನು ಪಾಠ ಶುರುಮಾಡುವುದು. ಕೈ ವಸ್ತುವಿನಿಂದ ಹಣೆಗೆ, ಹಣೆಯಿಂದ ಇನ್ನೊಂದು ವಸ್ತುವಿಗೆ. ಮಕ್ಕಳು ಬೆರಳಚ್ಚಿನ ಪುಡಿ ಉದುರಿಸುವ ಅಗತ್ಯವೇ ಬೀಳಲಿಲ್ಲ. ಹೋದಲ್ಲೆಲ್ಲ ಬೆಳ್ಳಗೆ ಮೂರು ಬೆರಳು.

ಕವಲಂದೆಯ ಮಂಜು ಎಂಬ ಹುಡುಗ ಬಂದು, ಸ್ವಲ್ಪ ಕೈ ಕೊಡಿ ಸಾ ಎಂದು ನನ್ನ ಬೆರಳನ್ನು ಇಂಕಿನಲ್ಲಿ ಒತ್ತಿಸಿಕೊಂಡ. ಎಷ್ಟು ಶ್ರದ್ಧೆ ಎಂದು ಬೆನ್ನು ತಟ್ಟಿ ಕಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಧ್ಯಾಹ್ನ ತಂದೆತಾಯಿಯರು ಬಂದು ಕೂತರು. ಹೆಮ್ಮಿಗೆಯಿಂದ ನನ್ನ ಭಾಮೈದನೂ ಬಂದಿದ್ದ, ಅವನ ಮಗಳು ಚಂದನಾ ಶಿಬಿರದಲ್ಲಿದ್ದಳಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನಾನು ಉಳಿಸಿಕೊಂಡು ಬಂದಿರುವುದು ಮೇಷ್ಟ್ರು ಎಂಬ ಮರ್ಯಾದೆ ಒಂದನ್ನೇ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಹೆಮ್ಮಿಗೆಯ ಜಗಲಿಗೆ ಹೋಗುತ್ತದೆ, ಅಲ್ಲಿಂದ ಫೋನಿನಲ್ಲಿ ನನಗಿಂತ ಮೊದಲೇ ನನ್ನ ಮನೆ ಸೇರುತ್ತದೆ. ತೀರ್ಪು ಹೇಳಲು ನಿವೃತ್ತ ಇನ್ಸ್‌ಪೆಕ್ಟರ್ ಒಬ್ಬರನ್ನು ಕರೆಸಿದ್ದೆವು. ಕಳ್ಳ ಯಾರು ಎಂದು ಅವರು ಕೇಳಿದ್ದೇ ತಡ, ಮಂಜು ಎದ್ದು ನಿಂತ.

"ಕದ್ದಿರೋದು ನಮ್ ಸೈನ್ಸ್ ಸಾರೇ ಸಾ. ಡ್ರಾಯಿಂಗ್ ಸಾರ್ ಬೆರಳು ಒಂದೇ ಕಡೆ ಅದೆ, ಯಾರೋ ಬೇಕಂತ್ಲೇ ಒತ್ತಿಸ್ದಂಗೆ. ಇವರ ಬೆರಳು ಇಲ್ದಿರೋ ಜಾಗಾನೇ ಇಲ್ಲ."

ಸಭೆಯೆಲ್ಲ ಗೊಳ್ಳೆಂದಿತು. ಕಳ್ಳತನ ಮಾಡಬೇಕಾದ ಡ್ರಾಯಿಂಗ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಗ ಚಂದನಾ ಎದ್ದಳು. ಹೋದ ಜೀವ ಬಂತು. ಎಷ್ಟಾದರೂ ನಮ್ಮ ಹುಡುಗಿ, ಮಾವನ ಮಾನ ಕಾಯುತ್ತಾಳೆ ಎಂದುಕೊಂಡೆ.

"ಇಲ್ಲ ಸಾರ್, ಮಾವ ಕದ್ದಿರಲ್ಲ," ಎಂದಳು. "ಒಂದ್ಸಲ ನಮ್ಮನೆಗೆ ಬರೋವಾಗ ನರಸೀಪುರ ಬಸ್‌ಸ್ಟ್ಯಾಂಡಲ್ಲಿ ಅತ್ತೇನೇ ಮರೆತು ಬಂದಿದ್ರು. ಇಂಥ ದೊಡ್ಡ ಕೆಲಸ ಅವರ ಕೈಲಿ ಆಗಲ್ಲ."

ಮಕ್ಕಳೆಲ್ಲ ಹೌದೆಂದು ತಲೆಯಾಡಿಸಿದರು. ಮಂಜು ಕೂಡ, ಅದೂ ಸರಿ ಕಣಮ್ಮ ಎಂದು ಆರೋಪ ವಾಪಸು ತೆಗೆದುಕೊಂಡ. ಭಾಮೈದ ನಕ್ಕೂ ನಕ್ಕೂ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಕಳ್ಳ ಅಂದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಕಳ್ಳನನ್ನು ಕಂಡರೆ ಜನ ಕಡೇಪಕ್ಷ ಹೆದರುತ್ತಾರೆ; ಕೈಲಾಗದವನನ್ನು ಕಂಡು ಹೀಗೆ ಅಯ್ಯೋ ಪಾಪ ಅನ್ನುತ್ತಾರಲ್ಲ, ಅದನ್ನು ಸಹಿಸಲು ನನ್ನಿಂದಾಗಲಿಲ್ಲ. ಎದ್ದು ನಿಂತು ಮೇಜು ಗುದ್ದಿದೆ.

"ಕದ್ದಿದ್ದು ನಾನೇ."

"ಸಂತೋಷ," ಎಂದರು ಇನ್ಸ್‌ಪೆಕ್ಟರ್, "ಮಾಲು ತೋರಿಸಿ ಮೇಷ್ಟ್ರೆ."

ಇಡೀ ಸಭೆಯನ್ನು ಬೆನ್ನಿಗೆ ಕಟ್ಟಿಕೊಂಡು ಗತ್ತಿನಿಂದ ಲ್ಯಾಬಿಗೆ ನಡೆದೆ. ಬೀರು ತೆಗೆದೆ, ಇರಲಿಲ್ಲ. ಸಿಂಕಿನ ಕೆಳಗೆ ಬಗ್ಗಿದೆ, ಇರಲಿಲ್ಲ. ಅಸ್ಥಿಪಂಜರದ ಹಿಂದೆ ಕೈಹಾಕಿದೆ, ಜೇಡರ ಬಲೆ ಸಿಕ್ಕಿತು. ಯಾರಿಗೂ ಸಿಗಬಾರದು ಎಂದು ಬಹಳ ಯೋಚಿಸಿ ಒಂದು ಜಾಗ ಆರಿಸಿದ್ದೆ, ಅಷ್ಟು ಮಾತ್ರ ಚೆನ್ನಾಗಿ ನೆನಪಿದೆ. ಹೆಡ್‌ಮೇಡಂ ಮುಖ ಬಿಳಿಚಿಕೊಂಡಿತು. ಚಂದನಾ ಅಪ್ಪನ ಕಡೆ ನೋಡಿದಳು, ಅಪ್ಪ ಛಾವಣಿಯ ಕಡೆ ನೋಡಿದ. ನಾನು ಬೆವರೊರೆಸಿಕೊಂಡು ಕವಲಂದೆಯ ಹುಡುಗನ ಹತ್ತಿರ ಹೋಗಿ, ಸಾಧ್ಯವಾದಷ್ಟು ಮೆತ್ತಗೆ ಕೇಳಿದೆ:

"ಮಂಜು, ನನ್ನ ಬೆರಳು ಇನ್ನೂ ಎಲ್ಲೆಲ್ಲಿ ಬಿದ್ದಿದೆ, ಸ್ವಲ್ಪ ನೋಡಿ ಹೇಳಪ್ಪಾ."