ಹತ್ತು ಎಣಿಸುವುದರೊಳಗೆ

ಎಲ್ಲಕ್ಕೂ ಕಾರಣ ಹೆಬ್ಬೆರಳಿನಷ್ಟಿದ್ದ ಒಂದು ರಿಲೇ. ಕರೆಂಟ್ ಹೋದೊಡನೆ, ಕಂಪನಿ ತಯಾರಿಸುವ ಯುಪಿಎಸ್ಸನ್ನು ಬ್ಯಾಟರಿಯ ಕಡೆಗೆ ಹೊರಳಿಸುವ ಪುಟ್ಟ ಸ್ವಿಚ್ಚು. ಖರೀದಿ ವಿಭಾಗದ ಅಕ್ಕ ಎಲ್ಲಿಂದಲೋ ಅಗ್ಗಕ್ಕೆ ತಂದಿದ್ದರು. ಸಿಮ್ಯುಲೇಷನ್ ಸಾಫ್ಟ್‌ವೇರಿಗೆ ಅದರ ಗುರುತೇ ಇರಲಿಲ್ಲ. ಹಾಗಾಗಿ ಅದನ್ನು ಅಳೆದು, ಕಾಯಿಸಿ, ಪರದೆಯ ಮೇಲೆ ಅದರದೇ ಒಂದು ಮಾಡೆಲ್ ಸೃಷ್ಟಿಸುವ ಕೆಲಸ ಪಿಸುಮಾತಿನ ಪಾಲಿಗೆ ಬಂತು. ದನಿ ಪಕ್ಕದ ಕುರ್ಚಿಗೂ ತಲುಪದ ಹುಡುಗಿಗೆ ಆಫೀಸು ಇಟ್ಟ ಹೆಸರದು.

ಮಾಡೆಲ್ ಸಿದ್ಧವಾಯಿತು. ಓಡಿಸಿ ನೋಡಿದಳು. ಹತ್ತು ಎಣಿಸುವುದರೊಳಗೆ ಪರದೆಯ ರಿಲೇ ಕಾದು ಕೈಕೊಟ್ಟಿತು.

"ನಾನು ಆರಿಸಿ ತಂದಿದ್ದು ಕಣೇ, ಹಾಗೆಲ್ಲ ಸಾಯಲ್ಲ!" ಅಕ್ಕ ಸೊಂಟಕ್ಕೆ ಕೈಯಿಟ್ಟರು.

"ಕೊಡಮ್ಮ ಇಲ್ಲಿ," ಎಂದು ಸಲಹೆ ಸಾರ್ ಮೌಸ್ ಕಸಿದುಕೊಂಡರು. ಕೇಳದವರಿಗೂ ಸಲಹೆ ಕೊಡುವ ಹಿರಿಯ ಇಂಜಿನಿಯರ್ ಅವರು. ಹಾಲಿಗೆ ನೀರು ಬೆರೆಸಿದಂತೆ ಅವಳ ಅಂಕಿಗಳನ್ನೆಲ್ಲ ಹಿಗ್ಗಿಸಿ ಸೇವ್ ಒತ್ತಿದರು. ರಿಲೇ ಈಗ ಚಿರಂಜೀವಿ!

ಅವರು ಬೆನ್ನು ತಿರುಗಿಸಿದ್ದೇ ತಡ, ಪಿಸುಮಾತು ತನ್ನ ಅಂಕಿಗಳನ್ನು ಮತ್ತೆ ತುಂಬಿದಳು. ಅಷ್ಟರಲ್ಲಿ ಅಕ್ಕನ ದೂರು ಕೇಳಿ ಮ್ಯಾನೇಜರ್ ಬಂದೇಬಿಟ್ಟರು.

"ನಿನ್ನ ಮಾಡೆಲ್ ಸರಿಯಿದ್ರೆ ಇವತ್ತೇ ಕೆಲಸ ಖಾಯಂ. ತಪ್ಪಿದ್ರೆ ನಾಳೆಯಿಂದ ಪ್ಯಾಕಿಂಗ್."

"ಹಾಗಾದ್ರೆ ಪ್ಲಗ್ ಕೀಳಿ ಸಾರ್!"

ಕೂಗಿದ್ದು ತಾನೇ ಎಂದು ಪಿಸುಮಾತಿಗೇ ನಂಬಿಕೆಯಾಗಲಿಲ್ಲ. ಹೊಸ ರಿಲೇ ಕೂರಿಸಿದ್ದ ಯುಪಿಎಸ್ ಅವಳ ಮೇಜಿನ ಕೆಳಗೇ ಇತ್ತು. ಮ್ಯಾನೇಜರ್ ಬಗ್ಗಿ ಪ್ಲಗ್ ಕಿತ್ತರು. ಇಡೀ ಆಫೀಸು ಎಣಿಸತೊಡಗಿತು. ಏಳು... ಎಂಟು... ಅಕ್ಕ ನಗಲು ಬಾಯಿ ತೆರೆದರು. ಒಂಬತ್ತು...

ಟಪ್! ಮೇಜಿನಡಿಯಿಂದ ಹೊಗೆ.

ಚಪ್ಪಾಳೆಯೋ ಚಪ್ಪಾಳೆ! ಅಕ್ಕನೇ ಅವಳನ್ನು ಬಾಚಿ ತಬ್ಬಿಕೊಂಡರು. "ಭೇಷ್!" ಎಂದರು ಮ್ಯಾನೇಜರ್. "ಎಲ್ಲಿ, ಆ ಮಾಡೆಲ್ ಒಮ್ಮೆ ತೋರಿಸು, ಸಹಿ ಹಾಕೇಬಿಡ್ತೀನಿ."

ಕುಸ್ತಿ ಗೆದ್ದ ಜಟ್ಟಿಯಂತೆ ಅವಳು ತಿರುಗಿದಳು. ಪರದೆ ಕಪ್ಪಗಿತ್ತು. ಅವಳ ಕಂಪ್ಯೂಟರಿಗೆ ಕರೆಂಟ್ ಕೊಡುತ್ತಿದ್ದುದೂ ಅದೇ ಯುಪಿಎಸ್. ಆತುರದಲ್ಲಿ ಅವಳು ಸೇವ್ ಮಾಡಿರಲಿಲ್ಲ.

ಕಂಪ್ಯೂಟರನ್ನು ನೇರ ಗೋಡೆಗೆ ಸಿಕ್ಕಿಸಿ ಫೈಲ್ ತೆರೆದಳು. ಒಳಗೆ ಸಲಹೆ ಸಾರ್ ಅಂಕಿಗಳು. ಹತ್ತಾಯಿತು, ನೂರಾಯಿತು, ಪರದೆಯ ರಿಲೇ ಕಲ್ಲುಗುಂಡಿನಂತೆ ಬದುಕಿಯೇ ಇತ್ತು.

ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. "ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ನಿಜವಾದ್ದು ಸತ್ತಿದೆ, ನಿನ್ನದು ಬದುಕಿದೆ. ಮಾಡೆಲ್ ತಪ್ಪು ಅಂತಾಯ್ತಲ್ಲಮ್ಮ! ನಾಳೆ ಪ್ಯಾಕಿಂಗ್."

"ಅಲ್ಲ ಸಾರ್, ಅದು..." ದನಿ ಮತ್ತೆ ಪಕ್ಕದ ಕುರ್ಚಿಗೂ ತಲುಪಲಿಲ್ಲ.

ಸಲಹೆ ಸಾರ್ ಮರುಕದಿಂದ ತಲೆಯಾಡಿಸಿದರು. "ಪುಣ್ಯಕ್ಕೆ ನಾನು ಸೇವ್ ಮಾಡಿಟ್ಟಿದ್ದೆ ನೋಡು. ಇಲ್ದಿದ್ರೆ ಇಷ್ಟೂ ಉಳೀತಿರಲಿಲ್ಲ!"